ತುಡುವೆಗೆ ನೆನಪಿದೆ

ಹಿಂದೊಮ್ಮೆ ನಾವು ಬೆಳ್ತಂಗಡಿ ಕಡೆಯ ನಮ್ಮ ತೋಟದಲ್ಲಿ, ಅಂಗಳದ ಬದಿಗಿದ್ದ ತುಡುವೆ ಪೆಟ್ಟಿಗೆಯನ್ನು ರಾತ್ರಿ ಎತ್ತಿ ಹಟ್ಟಿಯ ಹಿಂದೆ ಇಟ್ಟೆವು. ಐವತ್ತು ಹೆಜ್ಜೆ ದೂರ ಇದ್ದೀತು. ಮರುದಿನ ಮೇವಿಗೆ ಹೋಗಿ ಬಂದ ನೊಣಗಳೆಲ್ಲ ಹಳೆಯ ಜಾಗದಲ್ಲೇ, ಬರೀ ಗೂಟದ ಸುತ್ತ ಹಾರಾಡುತ್ತಿದ್ದವು. ಸಂಜೆಯ ತನಕ ಅದೇ ಅವಸ್ಥೆ. ಎಷ್ಟೋ ನೊಣಗಳು ಅಲ್ಲೇ ನೆಲಕ್ಕೆ ಬಿದ್ದು ಸತ್ತವು. ದಿನಕ್ಕೆ ಒಂದೆರಡು ಅಡಿಯಷ್ಟೇ ಸರಿಸಬೇಕಿತ್ತೆಂದು ಹಿರಿಯರೊಬ್ಬರು ಹೇಳಿದ ಮೇಲೆ ನಮಗೆ ಬುದ್ಧಿ ಬಂತು.

ನೊಣಗಳ ಈ ನೆನಪನ್ನು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಪ್ರಮುಖರು ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್. 1973ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಇವರ ಸಲಕರಣೆ ಎಂದರೆ ಸಕ್ಕರೆ ನೀರು, ಬಣ್ಣದ ಕಾಗದ, ನೊಣದ ಬೆನ್ನಿಗೆ ಹಚ್ಚುವ ಚುಕ್ಕೆ. ಸಹಾಯಕ್ಕೆ ವಿದ್ಯಾರ್ಥಿಗಳು, ನೆಂಟರಿಷ್ಟರು. ನೀಲಿ ಕಾಗದದ ಮೇಲೆ ಸಕ್ಕರೆ ನೀರು ಕುಡಿದ ನೊಣ, ಅನಂತರ ಹಲವು ಬೂದು ಕಾಗದಗಳ ನಡುವೆ ಖಾಲಿ ನೀಲಿಯನ್ನೇ ಹುಡುಕಿ ಬಂತು. ಅವರ ಶಿಷ್ಯೆ ಇಂಗೆಬೋರ್ಗ್ ಬೇಲಿಂಗ್ 1929ರಲ್ಲಿ ತೋರಿಸಿದ್ದು ಇನ್ನೂ ಸೋಜಿಗ: ದಿನವೂ ಒಂದೇ ಹೊತ್ತಿಗೆ ತಿಂಡಿ ಇಟ್ಟರೆ ನೊಣ ಆ ಹೊತ್ತನ್ನೂ ನೆನಪಿಡುತ್ತದೆ.

ಇದನ್ನು ನಮ್ಮ ತೋಟಗಳಲ್ಲೂ ನೋಡಬಹುದು. ಮೂರು ಜನ ಸಾಕು. ರಜೆಯಲ್ಲಿ ಮನೆಗೆ ಬಂದ ಮಕ್ಕಳಾದರೆ ಇನ್ನೂ ಒಳ್ಳೆಯದು. ಸಮಪಾಲು ಸಕ್ಕರೆ ನೀರಿನ ತಟ್ಟೆಯನ್ನು ಮೊದಲು ಪೆಟ್ಟಿಗೆಯ ಹತ್ತಿರ ಇಟ್ಟು, ನೊಣ ಬರತೊಡಗಿದ ಮೇಲೆ ಸ್ವಲ್ಪ ಸ್ವಲ್ಪವೇ ದೂರ ಒಯ್ಯಬೇಕು. ಒಬ್ಬರು ತಟ್ಟೆಯ ಬಳಿ ಕುಡಿಯುತ್ತಿರುವ ನೊಣಕ್ಕೆ ಚುಕ್ಕೆ ಇಡಲಿ, ಒಬ್ಬರು ಪೆಟ್ಟಿಗೆಯ ಬಾಗಿಲು ಕಾಯಲಿ, ಇನ್ನೊಬ್ಬರು ಗಡಿಯಾರ ನೋಡಿ ಬರೆಯಲಿ. ನಾಲ್ಕೈದು ದಿನ ಒಂದೇ ಹೊತ್ತಿಗೆ ಕೊಟ್ಟು, ಮರುದಿನ ತೊಳೆದ ಖಾಲಿ ತಟ್ಟೆ ಇಟ್ಟು ಚುಕ್ಕೆಯ ನೊಣ ಎಷ್ಟು ಗಂಟೆಗೆ ಬರುತ್ತದೆಂದು ಕಾಯಬೇಕು. ಕೆಂಪು ಕಾಗದ ಬೇಡ. ನೊಣಕ್ಕೆ ಕೆಂಪು ಕಾಣಿಸದು.

ಕಾಫಿ ಬೆಳೆಗಾರರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕಾಫಿ ಹೂವಿನ ಮಕರಂದದಲ್ಲೂ ಕೆಫೀನ್ ಉಂಟು. ಕೆಫೀನ್ ಬೆರೆತ ಸಿಹಿ ಕುಡಿದ ನೊಣಗಳಲ್ಲಿ, ಒಂದು ದಿನ ಕಳೆದ ಮೇಲೂ ಆ ಹೂವಿನ ವಾಸನೆ ನೆನಪಿದ್ದವು ಮೂರು ಪಟ್ಟು ಹೆಚ್ಚೆಂದು ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆಯ ಬೆನ್ನಿಗೆ ಅರಳುವ ಹೂವು ಕೆಲವೇ ದಿನದ್ದು. ಬಂದ ನೊಣ ಮರಳಿ ಬರುವುದು ನಮ್ಮ ಫಸಲಿಗೇ ಲಾಭ.

ಆದರೆ ನೆನಪನ್ನು ಅಳಿಸುವ ವಸ್ತುವೂ ನಮ್ಮ ಕೊಟ್ಟಿಗೆಯಲ್ಲೇ ಇದೆ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ, ಸಾಯಿಸದಷ್ಟು ಅಲ್ಪ ಪ್ರಮಾಣದಲ್ಲೂ ತುಡುವೆಯ ವಾಸನೆ ಕಲಿಯುವ ಶಕ್ತಿಯನ್ನು ಕುಂದಿಸುತ್ತದೆಂದು 2015ರಲ್ಲಿ ಚೀನಾದ ಸಂಶೋಧಕರು ಪ್ರಕಟಿಸಿದ್ದಾರೆ. ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ನೊಣ ಕಾಣಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಹಿಂಗಾರ ಅರಳಿರುವಾಗ, ಕಾಫಿ ಹೂವಾಗಿರುವಾಗ ಇಂಥ ಸಿಂಪಡಣೆ ಖಂಡಿತ ಬೇಡ.

ರಬ್ಬರಿನ ಜೇನು ಬರುವ ಕಾಲದಲ್ಲಿ ನಿಮ್ಮ ಸಕ್ಕರೆ ನೀರನ್ನು ನೊಣ ಮೂಸಿಯೂ ನೋಡದು. ಮಳೆ ಹಿಂದೆಗೆದ ಮೇಲೆ, ಮೇವು ಕಡಿಮೆ ಇರುವಾಗ ಮಾಡಿ. ಆ ಪೆಟ್ಟಿಗೆಯ ಜೇನನ್ನು ಮಾತ್ರ ಮಾರಾಟಕ್ಕೆ ತೆಗೆಯಬೇಡಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಸದಸ್ಯ ಬಾಂಧವರು ಕಂಡದ್ದನ್ನು ದಿನಾಂಕ, ಹೊತ್ತು, ಹವೆಯ ಸಹಿತ ಬರೆದು ಕಳುಹಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ. ನೊಣ ಬಾರದೆ ಹೋದರೂ ಬರೆಯಿರಿ.