ಡಿಎಕ್ಸ್ ಸ್ಕ್ವೇರ್ ನಿಜವಾಗ್ಲೂ ಸೊನ್ನೆ ಆಗೋ ಲೋಕ: ಟೋಪೋಸ್ ಥಿಯರಿಗೆ ಒಂದು ಪರಿಚಯ

ಫಸ್ಟ್ ಇಯರ್ ಮ್ಯಾಥ್ಸ್ ದಾಟಿದ ಎಲ್ಲರಿಗೂ ಒಂದು ಮಾತು ಬಾಯಿಪಾಠ ಆಗಿರುತ್ತೆ: "ಡಿಎಕ್ಸ್ ತುಂಬ ಚಿಕ್ಕದು, ಡಿಎಕ್ಸ್ ಸ್ಕ್ವೇರ್ ಇನ್ನೂ ಚಿಕ್ಕದು, ಅದನ್ನ ಬಿಟ್ಟುಬಿಡಿ." ಬೀಮ್ ಬಾಗೋ ಲೆಕ್ಕದಲ್ಲಿ ಬಿಡ್ತೀವಿ, ಟ್ರಾನ್ಸಿಸ್ಟರ್‌ನ ಸ್ಮಾಲ್ ಸಿಗ್ನಲ್ ಮಾಡೆಲ್‌ನಲ್ಲಿ ಬಿಡ್ತೀವಿ, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಂದು ಪುಟ್ಟ ಡಬ್ಬಿ ಬರೆದು ಅಲ್ಲೂ ಬಿಡ್ತೀವಿ. ಉತ್ತರ ಸರಿಯಾಗೇ ಬರುತ್ತೆ. ಆದ್ರೆ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ. ಸ್ಕ್ವೇರ್ ಸೊನ್ನೆ ಆದ್ರೆ ಡಿಎಕ್ಸ್ ಕೂಡ ಸೊನ್ನೆ ಆಗಲೇಬೇಕಲ್ವಾ? ಹಾಗಾದ್ರೆ ನಾವು ಭಾಗಿಸಿದ್ದು ಯಾವುದರಿಂದ?

ಪುಸ್ತಕದ ಉತ್ತರ ಲಿಮಿಟ್. ಅದು ಸರಿಯಾದ ಉತ್ತರವೇ. ಆದ್ರೆ ಇನ್ನೊಂದು ಉತ್ತರ ಕೂಡ ಇದೆ: ಡಿಎಕ್ಸ್ ಸೊನ್ನೆ ಅಂತ ಒಪ್ಪಿಕೊಳ್ಳದೇನೇ ಅದರ ಸ್ಕ್ವೇರ್ ಕರಾರುವಾಕ್ಕಾಗಿ ಸೊನ್ನೆ ಆಗೋ ಗಣಿತದ ಲೋಕಗಳಿವೆ. ಅಲ್ಲಿ ಏನೂ ತಪ್ಪಾಗಲ್ಲ, ಬರೀ ಲಾಜಿಕ್ ಸ್ವಲ್ಪ ಬೇರೆ. ಇಂಥ ಒಂದೊಂದು ಲೋಕವೂ ಒಂದೊಂದು ಟೋಪೋಸ್. ಟೋಪೋಸ್ ಅನ್ನೋದು ಗ್ರೀಕ್ ಪದ, ಅರ್ಥ "ಜಾಗ".

ಶುರುವಾಗಿದ್ದು ಅಂಟಿಸೋ ಕೆಲಸದಿಂದ

ಮೊಬೈಲ್‌ನಲ್ಲಿ ಪನೋರಮಾ ಫೋಟೋ ತೆಗೀತೀರಲ್ಲ, ಅಲ್ಲಿ ನಡೆಯೋದೇನು? ತುಂಡು ತುಂಡು ಚಿತ್ರಗಳು. ಅಕ್ಕಪಕ್ಕದ ಎರಡು ತುಂಡು ಒಂದರ ಮೇಲೊಂದು ಬರೋ ಜಾಗದಲ್ಲಿ ಎರಡೂ ಒಂದೇ ಥರ ಕಾಣಬೇಕು. ಹಾಗೆ ಹೊಂದಿಕೊಂಡ್ರೆ ಎಲ್ಲವನ್ನೂ ಅಂಟಿಸಿ ಒಂದೇ ದೊಡ್ಡ ಚಿತ್ರ ಮಾಡಬಹುದು. ಒಂದೊಂದು ಜಾಗಕ್ಕೂ ಒಂದಷ್ಟು ಮಾಹಿತಿ, ಜೊತೆಗೆ ಹೊಂದಿಕೊಳ್ಳೋ ತುಂಡುಗಳನ್ನ ಒಂದೇ ಒಂದು ರೀತಿಯಲ್ಲಿ ಅಂಟಿಸೋ ನಿಯಮ. ಇಷ್ಟಿದ್ರೆ ಅದಕ್ಕೆ ಶೀಫ್ ಅಂತಾರೆ. ಕೊಯ್ದ ಪೈರನ್ನ ಕಟ್ಟಿಡೋ ಸಿವುಡು ಅಂತಲೇ ಆ ಪದದ ಅರ್ಥ. ಇದನ್ನ ಯೋಚಿಸಿದ್ದು ಫ್ರಾನ್ಸಿನ ಜಾನ್ ಲೆರೇ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸಿಕ್ಕಿ ಆಸ್ಟ್ರಿಯಾದ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ.

1949ರಲ್ಲಿ ಆಂಡ್ರೆ ವೇಯ್ ಒಂದು ಸವಾಲು ಇಟ್ಟಿದ್ರು. ಫೈನೈಟ್ ಫೀಲ್ಡ್ ಮೇಲೆ ಪಾಲಿನಾಮಿಯಲ್ ಸಮೀಕರಣಗಳಿಗೆ ಎಷ್ಟು ಪರಿಹಾರ ಇರುತ್ತೆ ಅನ್ನೋದು ಒಂದು ಅಡಗಿರೋ ಆಕಾರದ ಜ್ಯಾಮಿತಿಯಿಂದ ನಿರ್ಧಾರ ಆಗುತ್ತೆ ಅನ್ನೋದು ಅವರ ಊಹೆ. ಫೈನೈಟ್ ಫೀಲ್ಡ್ ಅಂದ್ರೆ ಕ್ಯೂಆರ್ ಕೋಡ್‌ನ ಎರರ್ ಕರೆಕ್ಷನ್‌ನಲ್ಲಿ ಬರುತ್ತಲ್ಲ, ಅದೇ. ತೊಂದರೆ ಏನಂದ್ರೆ ಅಲ್ಲಿ ಇರೋದು ಬಿಡಿಬಿಡಿ ಸಂಖ್ಯೆಗಳು. ನಮಗೆ ಗೊತ್ತಿರೋ "ಹತ್ತಿರ, ದೂರ" ಅಲ್ಲಿ ಉಪಯೋಗಕ್ಕೆ ಬರಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಪ್ಯಾರಿಸ್ ಹತ್ತಿರದ ಸೆಮಿನಾರ್‌ನಲ್ಲಿ ಅಲೆಕ್ಸಾಂಡರ್ ಗ್ರೋತೆಂಡೀಕ್ ಒಂದು ದಾರಿ ತೋರಿಸಿದ್ರು. ಜಾಗದಲ್ಲಿರೋ ಬಿಂದುಗಳನ್ನ ಮರೆತುಬಿಡಿ. ಆ ಜಾಗದ ಮೇಲಿರೋ ಎಲ್ಲಾ ಶೀಫ್‌ಗಳನ್ನ ಒಟ್ಟಿಗೆ ಸೇರಿಸಿ, ಆ ಒಟ್ಟು ಪ್ರಪಂಚವನ್ನೇ "ಜಾಗ" ಅಂತ ಕರೀರಿ. ಅದೇ ಟೋಪೋಸ್. ಈ ದಾರಿಯಲ್ಲೇ ಮುಂದೆ ಹೋಗಿ ಅವರ ಶಿಷ್ಯ ಪಿಯೆರ್ ಡೆಲೀನ್ ವೇಯ್ ಊಹೆಗಳಲ್ಲಿ ಕೊನೆಗೆ ಉಳಿದಿದ್ದ ಕಷ್ಟದ ಭಾಗದ ಸಾಧನೆಯನ್ನ 1974ರಲ್ಲಿ ಪ್ರಕಟಿಸಿದ್ರು.

ಸತ್ಯದ ಬೆಲೆ ಎರಡೇನಾ?

1969-70ರ ಹೊತ್ತಿಗೆ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ವಿಲಿಯಂ ಲಾವೀರ್ ಮತ್ತು ಮೈಲ್ಸ್ ಟಿಯರ್ನಿ ಇಷ್ಟು ದೊಡ್ಡ ಯಂತ್ರವನ್ನ ಬಿಚ್ಚಿ ನೋಡಿ, ಅದರ ಎಂಜಿನ್ ಚಿಕ್ಕದು ಅಂತ ತೋರಿಸಿದ್ರು. ಒಂದು ಲೋಕ ಟೋಪೋಸ್ ಆಗೋಕೆ ಮೂರು ಸೌಲಭ್ಯ ಸಾಕು. ಒಂದು, ವಸ್ತುಗಳನ್ನ ಜೋಡಿ ಮಾಡೋಕೆ, ಸಮೀಕರಣಗಳ ಪರಿಹಾರಗಳನ್ನ ಒಂದು ವಸ್ತುವಾಗಿ ಹಿಡಿಯೋಕೆ ಬರಬೇಕು. ಎರಡು, ಫಂಕ್ಷನ್‌ಗಳೂ ಆ ಲೋಕದ ವಸ್ತುಗಳೇ ಆಗಬೇಕು. ಪೈಥಾನ್‌ನಲ್ಲಿ ಒಂದು ಫಂಕ್ಷನ್‌ನ ಇನ್ನೊಂದಕ್ಕೆ ಆರ್ಗ್ಯುಮೆಂಟ್ ಆಗಿ ಕಳಿಸ್ತೀವಲ್ಲ, ಹಾಗೆ. ಮೂರು, "ಸತ್ಯದ ಬೆಲೆ"ಗಳ ಒಂದು ವಸ್ತು ಇರಬೇಕು. ಅದರ ಹೆಸರು ಒಮೇಗಾ.

ಮಾಮೂಲಿ ಸೆಟ್‌ಗಳ ಲೋಕದಲ್ಲಿ ಒಮೇಗಾ ಅಂದ್ರೆ ಸೊನ್ನೆ ಮತ್ತು ಒಂದು, ಅಷ್ಟೇ. ಒಂದು ಸಬ್‌ಸೆಟ್ ಆರಿಸೋದೂ, ಪ್ರತಿ ಅಂಶದ ಮುಂದೆ ಸೊನ್ನೆ ಅಥವಾ ಒಂದು ಬರೆಯೋದೂ ಒಂದೇ ಕೆಲಸ. ನಮ್ಮ ಬಿಟ್‌ಮಾಸ್ಕ್ ಇದೇ ತಾನೇ!

ಈಗ ಡೈರೆಕ್ಟೆಡ್ ಗ್ರಾಫ್‌ಗಳ ಲೋಕಕ್ಕೆ ಬನ್ನಿ. ಅದೂ ಒಂದು ಟೋಪೋಸ್. ಇನ್‌ಸ್ಟಾಗ್ರಾಮ್ ಅಂತಲೇ ಇಟ್ಕೊಳ್ಳಿ: ಅಕೌಂಟ್ ಒಂದು ಚುಕ್ಕೆ, ಫಾಲೋ ಒಂದು ಬಾಣ. ಇದರೊಳಗೆ ಒಂದು ಸಬ್‌ಗ್ರಾಫ್ ಆರಿಸಿ. ಬಾಣ ಒಳಗಿರಬೇಕಾದ್ರೆ ಅದರ ಎರಡೂ ತುದಿ ಒಳಗಿರಬೇಕು, ಅದೊಂದೇ ನಿಯಮ. ಒಂದು ಚುಕ್ಕೆಗೆ ಎರಡೇ ಸ್ಥಿತಿ, ಒಳಗೆ ಅಥವಾ ಹೊರಗೆ. ಆದ್ರೆ ಒಂದು ಬಾಣಕ್ಕೆ? ಬಾಣವೂ ತುದಿಗಳೂ ಎಲ್ಲಾ ಒಳಗೆ, ತುದಿಗಳೆರಡೂ ಒಳಗೆ ಆದ್ರೆ ಬಾಣ ಹೊರಗೆ, ಬಾಲ ಮಾತ್ರ ಒಳಗೆ, ತಲೆ ಮಾತ್ರ ಒಳಗೆ, ಎಲ್ಲಾ ಹೊರಗೆ. ಒಟ್ಟು ಐದು. ಹಾಗಾಗಿ ಈ ಲೋಕದ ಒಮೇಗಾ ಎರಡು ಚುಕ್ಕೆ, ಐದು ಬಾಣ ಇರೋ ಒಂದು ಗ್ರಾಫ್!

ಇದು ಫಝಿ ಲಾಜಿಕ್ ಅಲ್ಲ. "ಶೇಕಡಾ 60 ನಿಜ" ಅಂತ ಯಾರೂ ಹೇಳ್ತಿಲ್ಲ. ಯಾವ ಭಾಗ ಒಳಗಿದೆ ಅನ್ನೋ ಲೆಕ್ಕವೇ ಸತ್ಯದ ಬೆಲೆ.

ಇದರ ಪರಿಣಾಮ ನೋಡಿ. ಅ, ಬ, ಕ ಅಂತ ಮೂರು ಅಕೌಂಟ್. ಅ ಫಾಲೋ ಮಾಡೋದು ಬ-ನ, ಬ ಫಾಲೋ ಮಾಡೋದು ಕ-ನ. ನಾನು ಅ ಮತ್ತು ಬ ಚುಕ್ಕೆಗಳನ್ನ ಮಾತ್ರ ಆರಿಸ್ತೀನಿ, ಬಾಣ ಬೇಡ. "ಇದು ಅಲ್ಲದ್ದು" ಅಂದ್ರೆ ಇದರ ಜೊತೆ ಏನೂ ಹಂಚಿಕೊಳ್ಳದ ಅತಿ ದೊಡ್ಡ ಸಬ್‌ಗ್ರಾಫ್, ಅಂದ್ರೆ ಬರೀ ಕ. ಈಗ "ಅಲ್ಲದ್ದು ಅಲ್ಲದ್ದು" ಏನು? ಅ, ಬ, ಜೊತೆಗೆ ಅವುಗಳ ನಡುವಿನ ಬಾಣ. ಎರಡು ಸಲ ನಾಟ್ ಹಾಕಿದ್ರೆ ಶುರು ಮಾಡಿದ ಜಾಗಕ್ಕೆ ವಾಪಸ್ ಬರಲಿಲ್ಲ! "ಇದು" ಮತ್ತು "ಇದು ಅಲ್ಲದ್ದು" ಎರಡನ್ನೂ ಸೇರಿಸಿದ್ರೂ ಪೂರ್ತಿ ಗ್ರಾಫ್ ಬರಲ್ಲ, ಎರಡು ಬಾಣ ಹೊರಗೇ ಉಳೀತವೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಾವು ಯೋಚನೆ ಇಲ್ಲದೆ ಬಳಸೋ ಎರಡು ನಿಯಮ ಇಲ್ಲಿ ಬಿದ್ದುಹೋದವು. ಉಳಿಯೋ ಲಾಜಿಕ್‌ಗೆ ಇಂಟ್ಯೂಷನಿಸ್ಟಿಕ್ ಲಾಜಿಕ್ ಅಂತ ಹೆಸರು. ಟೋಪೋಸ್ ಹುಟ್ಟೋಕೂ ಮುಂಚೆಯೇ ನೆದರ್‌ಲ್ಯಾಂಡ್ಸ್‌ನ ಬ್ರೌವರ್ ಮತ್ತು ಹೇಟಿಂಗ್ ತತ್ವದ ಕಾರಣಕ್ಕೆ ಇದನ್ನ ಕಟ್ಟಿದ್ರು. ಇಲ್ಲಿ ಅದು ಯಾರ ತತ್ವವೂ ಅಲ್ಲ, ಬಾಣ ಎಣಿಸಿದಾಗ ಬಂದ ಲೆಕ್ಕ.

ಮತ್ತೆ ಡಿಎಕ್ಸ್

ಈಗ ಮೊದಲಿನ ಪ್ರಶ್ನೆ. 1967ರ ಚಿಕಾಗೋ ಉಪನ್ಯಾಸಗಳಲ್ಲಿ ಲಾವೀರ್ ಬಿತ್ತಿದ ಒಂದು ಯೋಚನೆ ಮುಂದೆ ಸಿಂಥೆಟಿಕ್ ಡಿಫರೆನ್ಷಿಯಲ್ ಜ್ಯಾಮಿಟ್ರಿ ಆಗಿ ಬೆಳೀತು. ಅಲ್ಲಿನ ಟೋಪೋಸ್‌ಗಳಲ್ಲಿ ಸ್ಕ್ವೇರ್ ಸೊನ್ನೆ ಆಗೋ ಸಂಖ್ಯೆಗಳಿರ್ತವೆ, ಅವನ್ನ ಡಿ ಅನ್ನೋಣ. ಎಕ್ಸ್ ಪ್ಲಸ್ ಡಿ ಹೋಲ್ ಸ್ಕ್ವೇರ್ ಬಿಡಿಸಿದ್ರೆ ಎಕ್ಸ್ ಸ್ಕ್ವೇರ್ ಪ್ಲಸ್ ಎರಡು ಎಕ್ಸ್ ಡಿ, ಅಷ್ಟೇ. ಏನನ್ನೂ "ಬಿಡಲಿಲ್ಲ". ಡಿ ಮುಂದಿರೋ ಎರಡು ಎಕ್ಸ್ ಅನ್ನೋದೇ ಡೆರಿವೇಟಿವ್. ಡಿ ಇಂದ ಭಾಗಿಸೋ ಹಾಗಿಲ್ಲ. ಆದ್ರೆ ಒಂದು ಸಮೀಕರಣ ಎಲ್ಲಾ ಡಿಗಳಿಗೂ ನಿಜವಾದ್ರೆ ಎರಡೂ ಕಡೆಯಿಂದ ಡಿ ಹೊಡೆದುಹಾಕಬಹುದು.

ಒಂದು ಡಿ ಸೊನ್ನೆ ಅಲ್ಲ ಅಂತ ಇಟ್ಕೊಂಡ್ರೆ, ಅದರಿಂದ ಭಾಗಿಸಿ ವಿರೋಧಾಭಾಸ ತಲುಪ್ತೀವಿ. ಹಾಗಾಗಿ "ಡಿ ಸೊನ್ನೆ ಅಲ್ಲ" ಅನ್ನೋದು ಸುಳ್ಳು. ಎಲ್ಲಾ ಡಿಗಳೂ ಸೊನ್ನೆನೇ ಅಂದ್ರೆ ಡೆರಿವೇಟಿವ್ ಒಂದೇ ಒಂದು ಇರಲ್ಲ, ಯಾವ ಸಂಖ್ಯೆ ಬೇಕಾದ್ರೂ ಆಗುತ್ತೆ. ಹಾಗಾಗಿ ಅದೂ ಸುಳ್ಳು. ನಮ್ಮ ಮಾಮೂಲಿ ಲಾಜಿಕ್‌ನಲ್ಲಿ ಇವೆರಡೂ ಒಟ್ಟಿಗೆ ನಿಲ್ಲಲ್ಲ. ಆದ್ರೆ ಎರಡು ನಾಟ್ ಒಂದನ್ನೊಂದು ಅಳಿಸದ ಲೋಕದಲ್ಲಿ ಆರಾಮಾಗಿ ನಿಲ್ತವೆ. ಗ್ರಾಫ್‌ನಲ್ಲಿ ಅದನ್ನೇ ಅಲ್ವಾ ನೋಡಿದ್ದು?

ಬೇರೆ ಲೋಕ ಕಟ್ಟೋ ಈ ಅಭ್ಯಾಸ ಸೆಟ್ ಥಿಯರಿಗೂ ತಲುಪಿತು. ಎಣಿಸೋ ಸಂಖ್ಯೆಗಳ ಅನಂತಕ್ಕೂ ರಿಯಲ್ ನಂಬರ್‌ಗಳ ಅನಂತಕ್ಕೂ ನಡುವೆ ಬೇರೊಂದು ಅನಂತ ಇಲ್ಲ ಅನ್ನೋದನ್ನ ಮಾಮೂಲಿ ನಿಯಮಗಳಿಂದ ಸಾಧಿಸೋಕಾಗಲ್ಲ ಅಂತ 1963ರಲ್ಲಿ ಪಾಲ್ ಕೋಹೆನ್ ತೋರಿಸಿದ್ರು. ಅದೇ ವಾದವನ್ನ ಲಾವೀರ್ ಮತ್ತು ಟಿಯರ್ನಿ ಒಂದು ಟೋಪೋಸ್ ಕಟ್ಟೋ ಕೆಲಸವಾಗಿ ಮತ್ತೆ ಬರೆದ್ರು.

ಸಿಎಸ್‌ನವರಿಗೆ ಇದರಲ್ಲಿ ಏನಿದೆ?

1982ರಲ್ಲಿ ಮಾರ್ಟಿನ್ ಹೈಲ್ಯಾಂಡ್ ಎಫೆಕ್ಟಿವ್ ಟೋಪೋಸ್ ಅನ್ನೋದನ್ನ ಪ್ರಕಟಿಸಿದ್ರು. ಆ ಲೋಕದಲ್ಲಿ ನ್ಯಾಚುರಲ್ ನಂಬರ್‌ಗಳಿಂದ ನ್ಯಾಚುರಲ್ ನಂಬರ್‌ಗಳಿಗೆ ಹೋಗೋ ಪ್ರತಿ ಫಂಕ್ಷನ್‌ನೂ ಒಂದು ಪ್ರೋಗ್ರಾಂ ಲೆಕ್ಕ ಹಾಕಬಲ್ಲದು. "ಪ್ರತಿ ಪ್ರೋಗ್ರಾಂ ಒಂದೋ ನಿಲ್ಲುತ್ತೆ, ಇಲ್ಲಾಂದ್ರೆ ನಿಲ್ಲಲ್ಲ" ಅನ್ನೋ ಮಾತು ಅಲ್ಲಿ ನಿಜವಾದ್ರೆ, ಅದೇ ಹಾಲ್ಟಿಂಗ್ ಪ್ರಾಬ್ಲಮ್ ಬಿಡಿಸೋ ಫಂಕ್ಷನ್ ಆಗಿಬಿಡುತ್ತೆ. ಅಂಥದ್ದು ಸಾಧ್ಯ ಇಲ್ಲ ಅಂತ 1936ರಲ್ಲೇ ಟ್ಯೂರಿಂಗ್ ತೋರಿಸಿದ್ದಾರೆ. ಆದ್ದರಿಂದ ಅಲ್ಲೂ ಆ ನಿಯಮ ಇಲ್ಲ. ಈ ಲೋಕದಲ್ಲಿ "ಇದೆ" ಅಂದ್ರೆ "ಹುಡುಕಿ ಕೊಡಬಲ್ಲೆ" ಅಂತ ಅರ್ಥ.

ಕೊನೆಯ ಉದಾಹರಣೆ, ನಮ್ಮ ಪ್ರಾಜೆಕ್ಟ್‌ಗಳಿಗೆ ತೀರಾ ಹತ್ತಿರದ್ದು. ಮೂರು ಬಿಟ್, ಮೂರು ಟೇಬಲ್. ಮೊದಲ ಟೇಬಲ್ ಹೇಳುತ್ತೆ, ಒಂದನೇ ಬಿಟ್ ಮತ್ತು ಎರಡನೇ ಬಿಟ್ ಬೇರೆ ಬೇರೆ. ಎರಡನೇದು ಹೇಳುತ್ತೆ, ಎರಡು ಮತ್ತು ಮೂರು ಬೇರೆ. ಮೂರನೇದು ಹೇಳುತ್ತೆ, ಒಂದು ಮತ್ತು ಮೂರು ಬೇರೆ. ಯಾವ ಎರಡು ಟೇಬಲ್ ತಗೊಂಡ್ರೂ ಹಂಚಿಕೊಂಡಿರೋ ಕಾಲಂನಲ್ಲಿ ಅದೇ ಸೊನ್ನೆ, ಅದೇ ಒಂದು, ಜಗಳ ಇಲ್ಲ. ಆದ್ರೆ ಮೂರನ್ನೂ ಒಪ್ಪೋ ಒಂದೇ ಒಂದು ಸಾಲು ಇಲ್ಲ. ತುಂಡುಗಳು ಹೊಂದಿಕೊಂಡ್ರೂ ಪನೋರಮಾ ಬರಲಿಲ್ಲ. ಕ್ವಾಂಟಮ್ ಅಳತೆಗಳ ವಿಚಿತ್ರ ಇದೇ ಆಕಾರದ್ದು ಅಂತ 2011ರಲ್ಲಿ ಅಬ್ರಾಮ್ಸ್ಕಿ ಮತ್ತು ಬ್ರಾಂಡನ್‌ಬರ್ಗರ್ ಶೀಫ್ ಭಾಷೆಯಲ್ಲಿ ಬರೆದ್ರು. ಪ್ರತಿ ಮಾಡ್ಯೂಲ್‌ನ ಟೆಸ್ಟ್ ಪಾಸಾಗಿ, ಡೆಮೋ ದಿನ ಸಿಸ್ಟಮ್ ಮಲಗೋದು ಯಾಕೆ ಅಂತ ಕೇಳೋವಾಗ ಹುಡುಕಬೇಕಾದ ಜಾಗವೂ ಇದೇ ಇರಬಹುದು: ತಪ್ಪು ಯಾವುದೋ ಒಂದು ತುಂಡಿನಲ್ಲಿ ಇರಲೇಬೇಕು ಅಂತಿಲ್ಲ, ಅಂಟಿಸೋದರಲ್ಲೂ ಇರಬಹುದು.

ಪ್ಲೇಸ್‌ಮೆಂಟ್ ಇಂಟರ್‌ವ್ಯೂನಲ್ಲಿ ಟೋಪೋಸ್ ಬಗ್ಗೆ ಕೇಳೋದು ಅನುಮಾನ. ಆದ್ರೂ ಪೆನ್ನು ತಗೊಂಡು ಒಂದು ಲೆಕ್ಕ ಮಾಡಿ. ಒಂದು ಲೋಕದಲ್ಲಿ ನಿನ್ನೆ ಮತ್ತು ಇವತ್ತು ಅಂತ ಎರಡೇ ದಿನ. ಗ್ರೂಪಿಗೆ ಸೇರಿದವರು ಎಕ್ಸಿಟ್ ಆಗೋ ಹಾಗಿಲ್ಲ. "ಇವರು ಗ್ರೂಪಿನಲ್ಲಿದ್ದಾರೆ" ಅನ್ನೋದಕ್ಕೆ ಎಷ್ಟು ಸತ್ಯದ ಬೆಲೆ? ಉತ್ತರ ಮೂರು. ಯಾಕೆ ಅನ್ನೋದು ಐದು ನಿಮಿಷದಲ್ಲಿ ಹೊಳೆಯುತ್ತೆ. ಅದು ಹೊಳೆದ್ರೆ ಒಂದು ಒಮೇಗಾ ನೀವೇ ಕಟ್ಟಿದ ಹಾಗೆ.