ಬುಷ್ ಹೋದರೆ ಆರ್ಮನ್ನೇ ಬದಲಿಸಬೇಕೆ?

ಪ್ರಶ್ನೆ: ಹಂಪ್ ದಾಟಿಸುವಾಗ ಕಾರಿನ ಮುಂಭಾಗ ಕಟಕಟ ಎನ್ನುತ್ತದೆ. ‘ಲೋಯರ್ ಆರ್ಮ್ ಬುಷ್ ಹೋಗಿದೆ, ಆರ್ಮೇ ಬದಲಿಸಿ’ ಎನ್ನುತ್ತಾರೆ ಮೆಕ್ಯಾನಿಕ್. ಬರೀ ಬುಷ್ ಹಾಕಿಸಿದರೆ ಆಗದೆ?
– ಓದುಗರೊಬ್ಬರು, ಬಾಗೂರು, ಹೊಸದುರ್ಗ ತಾಲ್ಲೂಕು

ಉತ್ತರ: ಚಕ್ರವನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಆರ್ಮ್ ಸೊಟ್ಟಗಾಗಿಲ್ಲದೆ, ಅದರ ತುದಿಯ ಬಾಲ್ ಜಾಯಿಂಟ್ ಗಟ್ಟಿಯಿದ್ದರೆ ಸಾಮಾನ್ಯವಾಗಿ ಬುಷ್ ಮಾತ್ರ ಸಾಕು. ಉಕ್ಕಿನ ಎರಡು ಕೊಳವೆಗಳ ನಡುವೆ ಅಂಟಿಸಿದ ರಬ್ಬರೇ ಈ ಬುಷ್. ಚಕ್ರ ಗುಂಡಿಗೆ ಇಳಿದು ಏರಿದಾಗಲೆಲ್ಲ ತಿರುಚಿಕೊಳ್ಳುವುದು ಅದೇ. ವಯಸ್ಸು, ಹಾಳು ರಸ್ತೆ, ಸೋರಿದ ಎಂಜಿನ್ ಆಯಿಲ್ ಸೇರಿ ಅದನ್ನು ಸೀಳುತ್ತವೆ. ಆಗ ಸದ್ದಷ್ಟೇ ಅಲ್ಲ, ಬ್ರೇಕ್ ಹಿಡಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಹಳೆಯ ಬುಷ್ಷನ್ನು ಸುತ್ತಿಗೆಯಲ್ಲಿ ಬಡಿದು ತೆಗೆಯಲು ಬಿಡಬೇಡಿ. ಬುಷ್ ಒತ್ತಿ ತೆಗೆದು ಕೂರಿಸುವ ಪ್ರೆಸ್ ಇರುವ ಗ್ಯಾರೇಜಿಗೇ ಹೋಗಿ. ಕೆಲಸ ಕೆಡುವುದು ಹೆಚ್ಚಾಗಿ ಕೊನೆಯಲ್ಲಿ: ಗಾಡಿ ಇನ್ನೂ ಜಾಕಿನ ಮೇಲಿರುವಾಗಲೇ ಆರ್ಮಿನ ಬೋಲ್ಟ್ ಬಿಗಿದುಬಿಡುತ್ತಾರೆ. ಚಕ್ರ ಜೋತಾಡುವಾಗ ಬಿಗಿದರೆ, ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡೇ ನಿಲ್ಲುತ್ತದೆ, ಹೊಸ ಬುಷ್ಷೂ ಬೇಗ ಹರಿಯುತ್ತದೆ. ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಎದುರಿಗೇ ನಿಂತು ನೋಡಿ, ಮೆಕ್ಯಾನಿಕ್ ಮುಖ ಗಂಟಿಕ್ಕಿದರೂ ಚಿಂತೆಯಿಲ್ಲ. ಈ ರಬ್ಬರಿಗೆ ಗ್ರೀಸ್ ಮಾತ್ರ ಬಳಿಯಬೇಡಿ.

ಎರಡೂ ಬದಿ ಒಟ್ಟಿಗೆ ಹಾಕಿಸಿ. ಆಮೇಲೆ ಹೊಸದುರ್ಗಕ್ಕೋ ಚಿತ್ರದುರ್ಗಕ್ಕೋ ಹೋದಾಗ ವೀಲ್ ಅಲೈನ್‌ಮೆಂಟ್ ಮಾಡಿಸದೆ ಬರಬೇಡಿ.