ಮೋಟಾರು ಗಾಡಿಯ ವಾರ್ಷಿಕ ತೆರಿಗೆ: ಇದರಲ್ಲಿ ನ್ಯಾಯವೆಷ್ಟು?

ಮನೆಯ ಯಜಮಾನನು ವರ್ಷದ ಖರ್ಚಿನ ಪಟ್ಟಿಯನ್ನು ಬರೆಯುವಾಗ, ಮನೆಗಂದಾಯ, ನೀರಿನ ಕರ, ಮಕ್ಕಳ ಶಾಲೆಯ ಶುಲ್ಕ ಇವುಗಳ ಪಕ್ಕದಲ್ಲಿ ಮೋಟಾರು ಗಾಡಿಯ ತೆರಿಗೆಯನ್ನೂ ಬರೆಯಬೇಕಾದ ದೇಶಗಳು ಹಲವುಂಟು. ನಮ್ಮ ಕರ್ಣಾಟಕದಲ್ಲಿ ಸ್ವಂತದ ಕಾರಿಗೆ, ಅದನ್ನು ಕೊಳ್ಳುವಾಗಲೇ ಬೆಲೆಯನ್ನನುಸರಿಸಿ ಆಜೀವ ತೆರಿಗೆಯನ್ನು ತೆತ್ತುಬಿಡುವೆವಾದುದರಿಂದ ಈ ಪ್ರಶ್ನೆ ವರ್ಷವರ್ಷವೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಸಂಸಾರ ಹೂಡಿರುವ ನಮ್ಮವರಿಗಾದರೋ ಅದು ತಪ್ಪಿದ್ದಲ್ಲ. ಅಲ್ಲಿಯ ಒಂದು ಬೀದಿಯಲ್ಲಿ ಒಂದೇ ಕಾರಖಾನೆಯ, ಒಂದೇ ಅಳತೆಯ, ಒಂದೇ ಎಂಜಿನಿನ ಎರಡು ಸಣ್ಣ ಗಾಡಿಗಳು ಅಕ್ಕಪಕ್ಕದ ಮನೆಗಳ ಮುಂದೆ ನಿಂತಿವೆಯೆಂದು ವಾಚಕರು ಭಾವಿಸಲಿ. ಎರಡೂ ಮೈಲಿಯೊಂದಕ್ಕೆ ಉಗುಳುವ ಹೊಗೆ ಒಂದೇ, ಅದೂ ಸ್ವಲ್ಪವೇ. ಒಂದು ೨೦೧೭ರ ಮಾರ್ಚಿಯಲ್ಲಿ ದಾಖಲಾದುದು, ಇನ್ನೊಂದು ಅದೇ ವರ್ಷದ ಏಪ್ರಿಲಿನಲ್ಲಿ. ೨೦೨೫-೨೬ನೆಯ ಸಾಲಿಗೆ ಮೊದಲನೆಯದರ ಒಡೆಯನು ತೆತ್ತುದು ೨೦ ಪೌಂಡು. ಎರಡನೆಯವನು ೧೯೫ ಪೌಂಡು. ಇದು ಯಾವ ನ್ಯಾಯವೆಂದು ಎರಡನೆಯ ಮನೆಯವನು ಕೇಳಿದರೆ ಆಶ್ಚರ್ಯವೇನು?

ಈ ವಿಚಿತ್ರಕ್ಕೆ ನೂರು ವರ್ಷಗಳ ಹಿನ್ನೆಲೆಯುಂಟು. ೧೯೨೦ರಲ್ಲಿ ಪಾರ್ಲಿಮೆಂಟು ರಸ್ತೆಗಳ ಶಾಸನವನ್ನು ಮಾಡಿ, ೧೯೨೧ರ ಜನವರಿಯಿಂದ ಗಾಡಿಯ ಕುದುರೆಬಲವೊಂದಕ್ಕೆ ಒಂದು ಪೌಂಡಿನಂತೆ ತೆರಿಗೆಯನ್ನು ವಿಧಿಸಿತು. ತೆತ್ತುದರ ಗುರುತಾಗಿ ಗಾಡಿಯ ಗಾಜಿಗೆ ಅಂಟಿಸುತ್ತಿದ್ದ ದುಂಡು ಚೀಟಿ ಆಗ ಹುಟ್ಟಿದುದು. ೨೦೧೪ರ ತನಕ ಬಾಳಿತು. ಆದರೆ ಆ ಕುದುರೆಬಲ ನಿಜವಾದ ಬಲವಲ್ಲ. ಸಿಲಿಂಡರಿನ ಬಾಯಿಯ ಅಗಲವನ್ನು ಅಂಗುಲಗಳಲ್ಲಿ ಅಳೆದು, ವರ್ಗಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಬರುವ ಲೆಕ್ಕವದು. ಪಿಸ್ಟನ್ನು ಎಷ್ಟು ಉದ್ದ ಓಡಾಡುವುದೆಂಬುದು ಲೆಕ್ಕಕ್ಕೇ ಇಲ್ಲ. ಹೀಗೆ ಅಗಲಕ್ಕೆ ಮಾತ್ರ ಸುಂಕವಿಟ್ಟರೆ ಬುದ್ಧಿವಂತನು ಮಾಡುವುದೇನು? ಕೊಳವೆಯನ್ನು ಸಪೂರವಾಗಿಯೂ ಉದ್ದವಾಗಿಯೂ ಮಾಡುವನು. ಇಂಗ್ಲೆಂಡಿನ ಎಂಜಿನುಗಳೆಲ್ಲ ಒಂದು ತಲೆಮಾರು ಹಾಗೆಯೇ ಸೊರಗಿ ನೀಳವಾಗಿ ಬೆಳೆದವು. ಅಮೇರಿಕದ ಫೋರ್ಡರ ‘ಟಿ’ ಮಾದರಿಯ ಗಾಡಿ ಕೊಳ್ಳಲು ಅಗ್ಗವಾಗಿದ್ದರೂ ಅದರ ಸಿಲಿಂಡರಿನ ಬಾಯಿ ಮೂರೂಮುಕ್ಕಾಲು ಅಂಗುಲ. ಲೆಕ್ಕ ಹಾಕಿದರೆ ಇಪ್ಪತ್ತೆರಡೂವರೆ ಕುದುರೆ! ೧೯೨೨ರಲ್ಲಿ ಬಂದ ಸಣ್ಣ ಆಸ್ಟಿನ್ ಗಾಡಿಯಾದರೋ ಎಂಟಕ್ಕೂ ಒಳಗೆ. ತೆರಿಗೆಯೊಂದು ಕಮ್ಮಾರನ ಸುತ್ತಿಗೆಯಂತೆ ಕಬ್ಬಿಣದ ಆಕಾರವನ್ನೇ ಬದಲಿಸಿತು. ಎರಡನೆಯ ಮಹಾಯುದ್ಧವು ಮುಗಿದು, ಗಾಡಿಗಳನ್ನು ಹೊರದೇಶಗಳಿಗೆ ಮಾರಬೇಕಾದಾಗಲೇ ಈ ಪದ್ಧತಿ ಬಿದ್ದುಹೋಗಿ, ೧೯೪೮ರಿಂದ ಹೊಸ ಗಾಡಿಗಳಿಗೆಲ್ಲ ಸಮನಾಗಿ ೧೦ ಪೌಂಡು ಎಂದಾಯಿತು.

ಇನ್ನೊಂದು ಮಾತು. ಈ ಹಣವು ರಸ್ತೆಗಳಿಗೇ ಮೀಸಲೆಂದು ಮೊದಲು ಜನರಿಗೆ ಹೇಳಿದ್ದರು. ಚರ್ಚಿಲ್ಲರು ಅರ್ಥಸಚಿವರಾಗಿದ್ದಾಗಲೇ ಆ ನಿಧಿಗೆ ಕೈಹಾಕಿದರು. ೧೯೩೭ರಿಂದ ಅದು ಬೊಕ್ಕಸದ ಸಾಮಾನ್ಯ ಹಣದಲ್ಲಿ ಬೆರೆಯಿತು. ಆದರೂ ಅಲ್ಲಿಯ ಜನರು ಇಂದಿಗೂ ಅದನ್ನು ರಸ್ತೆ ತೆರಿಗೆಯೆಂದೇ ಕರೆಯುತ್ತಾರೆ. ಹೆಸರು ಹಣಕ್ಕಿಂತ ದೀರ್ಘಾಯು.

೧೯೯೯ರಲ್ಲಿ ೧೧೦೦ ಘನ ಸೆಂಟಿಮೀಟರಿನ ಒಳಗಿನ ಎಂಜಿನುಗಳಿಗೆ ತೆರಿಗೆಯನ್ನು ಇಳಿಸಿದರು. ೨೦೦೧ರಲ್ಲಿ ಆ ಗೆರೆಯನ್ನು ೧೫೪೯ಕ್ಕೆ ಏರಿಸಿದರು. ಅದೇ ವರ್ಷದ ಮಾರ್ಚಿಯಿಂದ ದಾಖಲಾದ ಹೊಸ ಗಾಡಿಗಳಿಗೆ ಎಂಜಿನಿನ ಗಾತ್ರವನ್ನು ಬಿಟ್ಟು, ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲಾಮ್ಲವಾಯುವನ್ನು ಬಿಡುತ್ತದೆಯೆಂಬುದೇ ಅಳತೆಯಾಯಿತು. ಉದ್ದೇಶವು ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಫಲ ಮಾತ್ರ ಬೇರೆಯಾಯಿತು. ಡೀಸೆಲ್ ಗಾಡಿಯು ಕಡಮೆ ಎಣ್ಣೆಯಲ್ಲಿ ಹೆಚ್ಚು ದೂರ ಓಡುವುದರಿಂದ ಅದರ ಗ್ರಾಂ ಕಡಮೆ, ತೆರಿಗೆಯೂ ಕಡಮೆ. ಜನರು ಡೀಸೆಲಿಗೆ ತಿರುಗಿದರು. ಅದರ ಮಸಿಯೂ ಸಾರಜನಕದ ಆಕ್ಸೈಡುಗಳೂ ಪಟ್ಟಣದ ಮಕ್ಕಳ ಶ್ವಾಸಕ್ಕೆ ವಿಷವೆಂಬುದನ್ನು ತೆರಿಗೆಯ ಪಟ್ಟಿ ಎಣಿಸಿರಲಿಲ್ಲ. ೨೦೧೫ರಲ್ಲಿ ಫೋಲ್ಕ್ಸ್‌ವಾಗನ್ ಕಂಪೆನಿಯವರು ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆಯನ್ನು ತಗ್ಗಿಸುವ ಉಪಾಯವನ್ನು ಗಾಡಿಯೊಳಗೆ ಅಡಗಿಸಿದ್ದುದು ಬಯಲಾದಾಗ, ಪ್ರಯೋಗಶಾಲೆಯ ಅಳತೆಗೂ ಬೀದಿಯ ಸತ್ಯಕ್ಕೂ ಇರುವ ಅಂತರವು ಲೋಕಕ್ಕೆಲ್ಲ ತಿಳಿಯಿತು.

ಈಗ ನ್ಯಾಯದ ಮಾತಿಗೆ ಬರೋಣ. ಒಂದು ಲೀಟರು ಪೆಟ್ರೋಲು ಮುಕ್ಕಾಲು ಕಿಲೋಗ್ರಾಂ ತೂಗುವುದಿಲ್ಲವೆಂದೇ ಹೇಳಬಹುದು. ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಂಡು ಸುಮಾರು ೨.೩ ಕಿಲೋಗ್ರಾಂ ಇಂಗಾಲಾಮ್ಲವಾಗುತ್ತದೆ. ಗಾಡಿ ದೊಡ್ಡದಿರಲಿ ಚಿಕ್ಕದಿರಲಿ, ಈ ಲೆಕ್ಕ ತಪ್ಪದು. ಆದುದರಿಂದ ಹೊಗೆಗೆ ದಂಡ ಹಾಕಬೇಕೆಂದರೆ ಎಣ್ಣೆಯ ಮೇಲೆ ಹಾಕಿದ ಸುಂಕವೇ ತಕ್ಕ ತಕ್ಕಡಿ. ಹೆಚ್ಚು ಉರಿಸಿದವನು ಹೆಚ್ಚು ತೆರುವನು. ವಾರ್ಷಿಕ ತೆರಿಗೆಯು ಹೊಗೆಯನ್ನು ಅಳೆಯುವುದಿಲ್ಲ. ಹೊಗೆ ಬಿಡಬಲ್ಲ ವಸ್ತುವೊಂದು ಮನೆಯ ಮುಂದೆ ಇದೆಯೆಂಬುದನ್ನು ಮಾತ್ರ ಅಳೆಯುತ್ತದೆ. ವಾರಕ್ಕೊಮ್ಮೆ ಸಂತೆಗೂ ವೈದ್ಯರ ಮನೆಗೂ ಹೋಗಿಬರುವ ಮುದುಕಿಯೊಬ್ಬಳು ವರ್ಷಕ್ಕೆ ೨,೦೦೦ ಮೈಲಿ ಓಡಿಸಿದರೆ, ೧೯೫ ಪೌಂಡಿನ ತೆರಿಗೆ ಆಕೆಗೆ ಮೈಲಿಗೆ ಹತ್ತು ಪೆನ್ನಿಯ ಸಮೀಪ ಬೀಳುತ್ತದೆ. ೨೦,೦೦೦ ಮೈಲಿ ಓಡಿಸುವ ವರ್ತಕನಿಗೆ ಒಂದೇ ಪೆನ್ನಿ. ಹೊಗೆಯನ್ನು ಕುಡಿಯುವವರು ಈ ಲೆಕ್ಕವನ್ನು ಮೆಚ್ಚುವರೆ?

ಪ್ರತಿವಾದವಿಲ್ಲದೆ ಇಲ್ಲ. ಗಾಡಿಯನ್ನು ಆರಿಸುವ ಮನುಷ್ಯನು ಮುಂದಿನ ಹತ್ತು ವರ್ಷಗಳ ಎಣ್ಣೆಯ ಖರ್ಚನ್ನು ನೆನೆಯುವುದಿಲ್ಲ, ಕಣ್ಣೆದುರಿಗಿನ ತೆರಿಗೆಗೆ ಅಂಜುವನು, ಆದ್ದರಿಂದ ದೊಡ್ಡ ಎಂಜಿನನ್ನು ಕೊಳ್ಳದಂತೆ ಅದು ಅವನನ್ನು ತಡೆಯುವುದೆಂದು ಹೇಳುವರು. ಇದನ್ನು ನಾವು ಒಪ್ಪುತ್ತೇವೆ; ಆದರೆ ಕೊಳ್ಳುವ ಹೊತ್ತಿಗೆ ಮಾತ್ರ. ೨೦೧೭ರ ಏಪ್ರಿಲಿನಿಂದ ಬಂದ ಏರ್ಪಾಡಿನಲ್ಲಿ ಮೊದಲನೆಯ ವರ್ಷದ ತೆರಿಗೆ ಗ್ರಾಮಿನ ಮೇಲೆಯೇ ನಿಂತಿದ್ದು, ೨೦೨೫-೨೬ರಲ್ಲಿ ಅತಿ ಹೆಚ್ಚು ಹೊಗೆಯ ಗಾಡಿಗೆ ೫,೪೯೦ ಪೌಂಡಾಗಿತ್ತು. ಹೊಸದನ್ನು ಕೊಳ್ಳುವ ಶ್ರೀಮಂತನಿಗೆ ಆ ಪೆಟ್ಟು ತಕ್ಕುದೇ. ಹದಿನೈದು ವರ್ಷದ ಹಳೆಯ ಗಾಡಿಯನ್ನು ನಾಲ್ಕನೆಯ ಕೈಯಿಂದ ಕೊಂಡ ಕೂಲಿಕಾರನು ಯಾವ ಆಯ್ಕೆಯನ್ನು ಬದಲಿಸಬಲ್ಲನು? ೨೦೦೮ರಲ್ಲಿ, ೨೦೦೧ರಿಂದೀಚೆಗೆ ಆಗಲೇ ಮಾರಾಟವಾಗಿದ್ದ ಗಾಡಿಗಳನ್ನೂ ಹೆಚ್ಚಿನ ತೆರಿಗೆಗೆ ತರುವ ಯೋಚನೆಗೆ ಜನರು ಕೆರಳಿದುದೂ, ಸರಕಾರದವರು ಅದನ್ನು ಸಡಿಲಿಸಬೇಕಾಗಿ ಬಂದುದೂ ಈ ಕಾರಣದಿಂದಲೇ. ಕೊಂಡ ಮೇಲೆ ಆಟದ ನಿಯಮವನ್ನು ಬದಲಿಸುವುದು ಯಾವ ಮನೆಯಲ್ಲಿಯೂ ಜಗಳಕ್ಕೆ ಕಾರಣ.

ಜಪಾನಿನಲ್ಲಿಯೂ ವರ್ಷದ ತೆರಿಗೆ ಎಂಜಿನಿನ ಗಾತ್ರದ ಮೇಲೆಯೇ. ಅಲ್ಲಿಯ ಪುಟ್ಟ ಗಾಡಿಗಳ ಮಿತಿ ೩೬೦ರಿಂದ ೫೫೦ಕ್ಕೂ, ೧೯೯೦ರಲ್ಲಿ ೬೬೦ ಘನ ಸೆಂಟಿಮೀಟರಿಗೂ ಏರಿದಂತೆಲ್ಲ ಗಾಡಿಗಳೂ ಆ ಗೆರೆಗೆ ಸರಿಯಾಗಿ ಬೆಳೆದವು.

ಎಣ್ಣೆಯ ಸುಂಕವೇ ಮೇಲೆಂದು ನಾವು ಹೇಳಿದೆವಷ್ಟೆ. ಅದಕ್ಕೂ ಈಗ ಒಂದು ತೊಡಕು ಬಂದಿದೆ. ವಿದ್ಯುತ್ತಿನಿಂದ ಓಡುವ ಗಾಡಿಗಳಿಗೆ ಎಣ್ಣೆಯೇ ಬೇಡ. ಇಂಗ್ಲೆಂಡಿನಲ್ಲಿ ೨೦೨೫ರ ಏಪ್ರಿಲಿನವರೆಗೆ ಅವುಗಳಿಗೆ ವಾರ್ಷಿಕ ತೆರಿಗೆಯೂ ಇರಲಿಲ್ಲ. ಹೊಸದನ್ನು ಕೊಳ್ಳಬಲ್ಲ ಅನುಕೂಲಸ್ಥನು ರಸ್ತೆಯನ್ನು ಪುಕ್ಕಟೆಯಾಗಿ ಸವೆಸುತ್ತಿದ್ದನು, ಹಳೆಯ ಗಾಡಿಯ ಬಡವನು ತೆರುತ್ತಿದ್ದನು. ಅಲ್ಲಿಂದೀಚೆಗೆ ಅವುಗಳಿಗೂ ತೆರಿಗೆ ಬಂದಿದೆ. ೨೦೨೫ರ ನವೆಂಬರಿನ ಆಯವ್ಯಯದಲ್ಲಿ, ೨೦೨೮ರ ಏಪ್ರಿಲಿನಿಂದ ವಿದ್ಯುತ್ ಗಾಡಿಗಳಿಗೆ ಮೈಲಿಗೆ ಮೂರು ಪೆನ್ನಿಯಂತೆ ವಿಧಿಸುವುದಾಗಿ ಅಲ್ಲಿಯ ಸರಕಾರವು ಸಾರಿದೆ. ಓಡಿದಷ್ಟಕ್ಕೆ ತೆರುವ ಪದ್ಧತಿಯಾದುದರಿಂದ ನಮಗೆ ಇದು ಹಿಂದಿನ ಎಲ್ಲಕ್ಕಿಂತ ಸರಿಯಾಗಿ ಕಾಣುತ್ತದೆ. ಆದರೆ ಬಸ್ಸೂ ರೈಲೂ ಇಲ್ಲದ ಹಳ್ಳಿಯಿಂದ ದಿನಕ್ಕೆ ಐವತ್ತು ಮೈಲಿ ಕೆಲಸಕ್ಕೆ ಹೋಗಿಬರುವವಳಿಗೂ, ಬಾಗಿಲಲ್ಲೇ ಬಸ್ಸಿದ್ದು ವಿನೋದಕ್ಕಾಗಿ ಅಷ್ಟೇ ದೂರ ಓಡಿಸುವವನಿಗೂ ಆ ಮೂರು ಪೆನ್ನಿ ಒಂದೇ ಆಗಿರುವುದು.